ಮನೆಯ ತೋಟದಲ್ಲಿ ಷಡೃತು ದರ್ಶನ

ಪೀಠಿಕೆ

ಋತುವರ್ಣನೆಯಿಲ್ಲದ ಮಹಾಕಾವ್ಯವನ್ನು ನಮ್ಮ ಪ್ರಾಚೀನರು ಒಪ್ಪುತ್ತಿರಲಿಲ್ಲ. ಕಾವ್ಯದಲ್ಲಿರಬೇಕಾದ ಅಷ್ಟಾದಶ ವರ್ಣನೆಗಳಲ್ಲಿ ಋತುವಿಗೂ ಉದ್ಯಾನಕ್ಕೂ ಲಾಕ್ಷಣಿಕರು ಸ್ಥಾನವನ್ನು ಕೊಟ್ಟಿದ್ದಾರೆ. ಕಾಳಿದಾಸನ ಹೆಸರಿನಲ್ಲಿ ಪ್ರಸಿದ್ಧವಾದ ‘ಋತುಸಂಹಾರ’ವಂತೂ ಗ್ರೀಷ್ಮದಿಂದ ತೊಡಗಿ ವಸಂತದಲ್ಲಿ ಮುಗಿಯುವ ಆರು ಸರ್ಗಗಳ ಋತುಕಾವ್ಯವೇ ಆಗಿದೆ. ಬನವಾಸಿಯ ತೋಪುಗಳಲ್ಲಿ ದುಂಬಿಯೋ ಕೋಗಿಲೆಯೋ ಆಗಿ ಜನ್ಮವೆತ್ತುವ ಆಸೆಯನ್ನು ಪಂಪನು ತೋಡಿಕೊಂಡುದು ಕನ್ನಡಿಗರೆಲ್ಲರೂ ಬಲ್ಲ ಸಂಗತಿ. ಹಂಪೆಯ ಹರಿಹರನು ವಿರೂಪಾಕ್ಷನ ಪೂಜೆಗಾಗಿ ಮುಂಜಾವಿನಲ್ಲಿ ಹೂದೋಟಕ್ಕೆ ಹೋಗಿ ಹೂ ಬಿಡಿಸುವ ಪರಿಯನ್ನೇ ‘ಪುಷ್ಪರಗಳೆ’ಯಾಗಿ ಹಾಡಿದನು.

ಈ ಭಾಗಗಳನ್ನು ಪಾಠ ಹೇಳುತ್ತ ಬಂದ ನನಗೆ ಕೆಲವು ವರ್ಷಗಳ ಹಿಂದೆ ಒಂಬತ್ತನೆಯ ತರಗತಿಯ ಬಾಲಕನೊಬ್ಬನು ಒಂದು ಪ್ರಶ್ನೆಯನ್ನು ಹಾಕಿದನು. “ಗುರುಗಳೇ, ಜ್ಯೇಷ್ಠ ಆಷಾಢಗಳು ಗ್ರೀಷ್ಮ, ಆಗ ಭೂಮಿ ಕಾದು ಕೆಂಡವಾಗಿರುತ್ತದೆ ಎಂದಿರಿ. ನಮ್ಮ ಇಟ್ಟಮಡುವಿನಲ್ಲಿ ಆಷಾಢದಲ್ಲಿ ಮೋಡ ಮುಚ್ಚಿ ತಣ್ಣನೆ ಗಾಳಿ ಬೀಸುತ್ತದಲ್ಲ?” ತರಗತಿಯು ನಕ್ಕಿತು. ನಾನು ಮಾತ್ರ ನಿರುತ್ತರನಾದೆನು. ಆರು ಋತುಗಳ ಪರ್ಯಾಯಪದಗಳು ನನ್ನ ನಾಲಗೆಯ ತುದಿಯಲ್ಲಿದ್ದುವು. ಋತುಗಳು ನನ್ನ ಮನೆಯಂಗಳದಲ್ಲಿ ಹೇಗೆ ಬಂದು ಹೇಗೆ ಹೋಗುತ್ತವೆಂಬುದನ್ನು ನಾನು ಒಮ್ಮೆಯೂ ನೋಡಿರಲಿಲ್ಲ. ಅಂದಿನಿಂದ ಮನೆಯ ತೋಟವನ್ನೇ ಒಂದು ಗ್ರಂಥವೆಂದು ಬಗೆದು ದಿನಕ್ಕೊಂದಿಷ್ಟು ಓದತೊಡಗಿದೆನು. ಆ ಓದಿನ ಸಾರವನ್ನು ಸಹೋದ್ಯೋಗಿ ಅಧ್ಯಾಪಕರ, ಹಳೆಯ ವಿದ್ಯಾರ್ಥಿಗಳ ಮತ್ತು ದಾನಿಗಳ ಮುಂದಿಡುವುದೇ ಪ್ರಸ್ತುತ ಲೇಖನದ ಉದ್ದೇಶವಾಗಿದೆ.

ಸ್ಥಳನಾಮಗಳು ಹೇಳುವ ಮಾತು

ಮೊದಲು ಸ್ಥಳದ ವಿಚಾರ. ‘ಮಡು’ ಎಂದರೆ ಹಳ್ಳಹೊಳೆಗಳಲ್ಲಿ ನೀರು ಆಳವಾಗಿ ನಿಂತ ತಾಣ. ನೆರೆಯ ಹೊಸಕೆರೆಹಳ್ಳಿಯ ಹೆಸರಿನಲ್ಲಿ ಕೆರೆಯಿದೆ. ಚೆನ್ನಮ್ಮನಕೆರೆ ಅಚ್ಚುಕಟ್ಟು ಎಂಬಲ್ಲಿ ಕೆರೆಯೂ ಉಂಟು, ಆ ಕೆರೆಯ ನೀರುಂಡ ಗದ್ದೆಬಯಲೂ ಉಂಟು. ಬನಶಂಕರಿಯೋ ಹೆಸರಿನಿಂದಲೇ ಬನದ ತಾಯಿ. ‘ವನ’ದ ತದ್ಭವವಾದ ‘ಬನ’ವನ್ನು ಹೊತ್ತ ಆ ದೇವಿಗೆ ಶಾಕಂಬರಿಯೆಂಬ ಇನ್ನೊಂದು ಹೆಸರೂ ಸಲ್ಲುತ್ತದೆ. ಬಾದಾಮಿಯ ಬಳಿಯ ಮೂಲಸ್ಥಾನದ ನೆನಪಿನಲ್ಲಿ ಕನಕಪುರ ರಸ್ತೆಯ ದೇವಾಲಯವು 1915ರಲ್ಲಿ ತಲೆಯೆತ್ತಿತು. ಹೀಗೆ ನೀರು, ಗದ್ದೆ, ಬನಗಳ ಹೆಸರು ಹೊತ್ತ ಪ್ರದೇಶದಲ್ಲಿ ಇಂದು 30 ಅಡಿ ಅಗಲ 40 ಅಡಿ ಉದ್ದದ ನಿವೇಶನಗಳು ಒಂದಕ್ಕೊಂದು ಅಂಟಿಕೊಂಡು ನಿಂತಿವೆ. ಗೋಡೆಗೂ ಕಾಂಪೌಂಡಿಗೂ ನಡುವೆ ಉಳಿದ ಮೂರು ನಾಲ್ಕು ಅಡಿಯ ಮಣ್ಣೇ ನಮ್ಮ ಪಾಲಿನ ತೋಟ. ಅದೂ ಇಲ್ಲದವರಿಗೆ ತಾರಸಿಯ ಮೇಲಿನ ಕುಂಡಗಳು.

ಅಷ್ಟು ಸಾಕು ಎಂಬುದೇ ನನ್ನ ಅನುಭವ. ನಮ್ಮ ಮನೆಯಲ್ಲಿರುವುದು ಒಂದು ಬಿಲ್ವ, ಒಂದು ಪಾರಿಜಾತ, ಒಂದು ಕರಿಬೇವು, ಎರಡು ದಾಸವಾಳ, ಮೂಲೆಯಲ್ಲಿ ತಾನಾಗಿ ಎದ್ದ ಎಕ್ಕ, ಬೀದಿಯಂಚಿನಲ್ಲಿ ಒಂದು ಹೊಂಗೆ. ಸಮುದ್ರಮಟ್ಟದಿಂದ ಸುಮಾರು 3000 ಅಡಿ ಎತ್ತರದಲ್ಲಿರುವ ಬೆಂಗಳೂರಿನ ಹವೆಯು ಈ ಗಿಡಗಳಿಗೆ ಸಂವತ್ಸರದ ಬಹುಭಾಗ ಹಿತಕರವಾಗಿಯೇ ಇರುತ್ತದೆ. 1908ರಲ್ಲಿ ಇಲ್ಲಿಗೆ ಬಂದು ಲಾಲ್‌ಬಾಗಿನ ಹೊಣೆ ಹೊತ್ತ ಜರ್ಮನ್ ತೋಟಗಾರಿಕಾ ತಜ್ಞ ಕ್ರುಂಬಿಗಲ್ ಅವರು, ಒಂದು ಮರದ ಹೂವು ಮುಗಿಯುವಾಗ ಇನ್ನೊಂದರ ಹೂವು ಅರಳುವಂತೆ ನಗರದ ಬೀದಿಗಳಿಗೆ ಮರಗಳನ್ನು ಆರಿಸಿದರು. ಅವರು ನಗರಕ್ಕೆ ಮಾಡಿದುದನ್ನು ಗೃಹಸ್ಥನು ಐದಾರು ಗಿಡಗಳಿಂದ ತನ್ನ ಅಂಗಳಕ್ಕೆ ಮಾಡಬಹುದು.

ಋತುಗಣನೆಯ ಎರಡು ಬಗೆ

ಬಾಲಕನ ಪ್ರಶ್ನೆಗೆ ಉತ್ತರವೇನು? ಚೈತ್ರ ವೈಶಾಖಗಳು ವಸಂತ, ಜ್ಯೇಷ್ಠ ಆಷಾಢಗಳು ಗ್ರೀಷ್ಮ, ಶ್ರಾವಣ ಭಾದ್ರಪದಗಳು ವರ್ಷ, ಆಶ್ವಯುಜ ಕಾರ್ತಿಕಗಳು ಶರತ್ತು, ಮಾರ್ಗಶಿರ ಪುಷ್ಯಗಳು ಹೇಮಂತ, ಮಾಘ ಫಾಲ್ಗುಣಗಳು ಶಿಶಿರ. ಈ ವಿಭಾಗವು ಉತ್ತರದೇಶದ ಹವೆಗೆ ಹೊಂದುವಂತಹುದು. ಅಲ್ಲಿ ಜ್ಯೇಷ್ಠವು ಉರಿಯುತ್ತದೆ. ನಮ್ಮಲ್ಲಿ ಅತಿಶಯವಾದ ಬಿಸಿಲು ಏಪ್ರಿಲಿನಲ್ಲಿ, ಅಂದರೆ ಕವಿಗಳ ವಸಂತದಲ್ಲಿ. ಜೂನಿನಲ್ಲಿ ನೈಋತ್ಯದ ಗಾಳಿ ಬೀಸಿದೊಡನೆ ನಮ್ಮ ‘ಗ್ರೀಷ್ಮ’ವು ತಂಪಾಗುತ್ತದೆ. ಬೆಂಗಳೂರಿನ ವಾರ್ಷಿಕ ಮಳೆಯು 1000 ಮಿಲಿಮೀಟರಿಗೆ ಸಮೀಪವೆನ್ನಬಹುದು. ಅದರಲ್ಲಿ ಮೇ ತಿಂಗಳಿನದು ಒಂದು ಏರು, ಸೆಪ್ಟೆಂಬರ್ ಅಕ್ಟೋಬರುಗಳದು ಅದಕ್ಕಿಂತ ದೊಡ್ಡದಾದ ಮತ್ತೊಂದು ಏರು. ಜನವರಿ ಫೆಬ್ರವರಿಗಳು ಬಹುತೇಕ ಒಣದಿನಗಳು.

ನಮ್ಮ ರೈತರು ಇದನ್ನು ಬಲ್ಲವರು. ಆದುದರಿಂದಲೇ ಅವರು ಚಾಂದ್ರಮಾಸವನ್ನು ಬಿಟ್ಟು ಮಳೆನಕ್ಷತ್ರಗಳನ್ನು ಹಿಡಿದರು. ಸೂರ್ಯನು ಒಂದೊಂದು ನಕ್ಷತ್ರದಲ್ಲಿ 13 ಅಥವಾ 14 ದಿನಗಳಿರುತ್ತಾನೆ. 27 ನಕ್ಷತ್ರಗಳಿಗೆ ಒಂದು ವರ್ಷ. ಅಧಿಕಮಾಸ ಬಂದು ಚಾಂದ್ರಮಾಸವು ಮುಂದೆ ಸರಿದರೂ ಮಳೆನಕ್ಷತ್ರದ ದಿನಾಂಕವು ಸರಿಯುವುದಿಲ್ಲ. ಏಪ್ರಿಲ್ ಕೊನೆಯಲ್ಲಿ ಭರಣಿ, ಜೂನ್ ಮೊದಲ ವಾರದ ಕೊನೆಗೆ ಮೃಗಶಿರ, ಅಕ್ಟೋಬರ್ ನಡುವೆ ಚಿತ್ತೆ, ಅದರ ಬೆನ್ನಿಗೆ ಸ್ವಾತಿ. ಭರಣಿ ಬಂದರೆ ಧರಣಿ ಬದುಕುತ್ತದೆಂದು ಹಳ್ಳಿಯವರು ಆಡುವುದು ಪ್ರಾಸಕ್ಕಾಗಿ ಮಾತ್ರವಲ್ಲ. ಇದರಿಂದ ಕಾವ್ಯದ ಋತುವು ಸುಳ್ಳೆಂದು ಯಾರೂ ಭಾವಿಸಬಾರದು. ಕವಿಯ ಋತುವನ್ನು ಒಂದು ಕೈಯಲ್ಲಿ, ರೈತನ ನಕ್ಷತ್ರವನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ಅಂಗಳಕ್ಕೆ ಇಳಿಯಬೇಕು.

ವಸಂತ

ಯುಗಾದಿಯ ಹೊತ್ತಿಗೆ ಬೀದಿಯ ಹೊಂಗೆಯು ಹಳೆಯ ಎಲೆಗಳನ್ನು ಉದುರಿಸಿ ಕೆಲವೇ ದಿನಗಳಲ್ಲಿ ಎಳೆಹಸಿರನ್ನು ಹೊದೆಯುತ್ತದೆ. ಊರೆಲ್ಲ ಕಾಯುವಾಗ ನೆರಳನ್ನು ಹೊಸತಾಗಿ ನೇಯುವ ಈ ಮರದ ಔದಾರ್ಯವು ದೊಡ್ಡದು. ಹಿಂದೆಯೇ ನಸುಗೆಂಪು ಬಿಳುಪಿನ ಹೂಗೊಂಚಲು, ಅದಕ್ಕೆ ಮುತ್ತುವ ಜೇನು. ಬೆಳಿಗ್ಗೆ ಆರಕ್ಕೆ ಮರದಡಿ ನಿಂತರೆ ತಂಬೂರಿಯ ಶ್ರುತಿಯಂತೆ ಅಖಂಡವಾದ ಝೇಂಕಾರವು ಕೇಳಿಬರುತ್ತದೆ.

ಕೋಗಿಲೆಯು ಮಾರ್ಚಿನಿಂದ ಕೂಗತೊಡಗುತ್ತದೆ. ಕೂಗಿ ಕರೆಯುವ ಆ ಕರಿಯ ಹಕ್ಕಿಯು ಗಂಡು. ಹೆಣ್ಣಿನ ಮೈಯು ಕಂದುಬಣ್ಣ, ಮೇಲೆ ಬಿಳಿಯ ಚುಕ್ಕೆ. ಅದು ಗೂಡು ಕಟ್ಟದೆ ಕಾಗೆಯ ಗೂಡಿನಲ್ಲಿ ಮೊಟ್ಟೆಯಿಡುತ್ತದೆ. ನಿಘಂಟಿನಲ್ಲಿ ಕೋಗಿಲೆಗೆ ‘ಪರಭೃತ’ ಎಂಬ ಹೆಸರುಂಟು, ಪರರಿಂದ ಸಾಕಲ್ಪಟ್ಟುದು ಎಂದರ್ಥ. ಈ ಶಬ್ದವನ್ನು ನಾನು ಬಾಲ್ಯದಲ್ಲಿ ಕಂಠಪಾಠ ಮಾಡಿದ್ದೆನು. ನೆರೆಮನೆಯ ತೆಂಗಿನ ಮೇಲೆ ಕಾಗೆಯೊಂದು ಕೋಗಿಲೆಯ ಮರಿಗೆ ಗುಟುಕು ಕೊಡುವುದನ್ನು ಕಂಡಾಗ ಆ ಶಬ್ದದ ಹಿಂದೆ ಕಣ್ಣಿನಿಂದ ನೋಡಿದ ಪುರಾತನನೊಬ್ಬನಿದ್ದಾನೆಂದು ಹೊಳೆಯಿತು.

ಭರಣಿಯ ಮೊದಲ ಮಳೆ ಬಿದ್ದ ಸಂಜೆ ನೆಲದ ಬಿರುಕುಗಳಿಂದ ರೆಕ್ಕೆಯ ಗೆದ್ದಲು, ಅಂದರೆ ಈಸಲು ಹುಳುಗಳು, ಹೊಗೆಯೆದ್ದಂತೆ ಏಳುತ್ತವೆ. ಕಾಗೆ, ಮೈನಾ, ಕಾಜಾಣ, ಹಲ್ಲಿ, ಕಪ್ಪೆ ಎಲ್ಲಕ್ಕೂ ಅಂದು ಔತಣ. ಮನೆಯವರು ದೀಪವಾರಿಸಿ ಕುಳಿತು ಈ ಸಂತರ್ಪಣೆಯನ್ನು ನೋಡಬಹುದು.

ಗ್ರೀಷ್ಮ

ನಮ್ಮ ಗ್ರೀಷ್ಮವು ಎಳೆಯೆಲೆಗಳ ಕಾಲ. ಮೃಗಶಿರದ ಹನಿಗೆ ಬಿಲ್ವವೂ ಕರಿಬೇವೂ ಹೊಸ ಚಿಗುರನ್ನು ತಳೆಯುತ್ತವೆ. ಆ ಚಿಗುರನ್ನು ಅರಸಿ ನಿಂಬೆಚಿಟ್ಟೆ ಬರುತ್ತದೆ. ಕಪ್ಪಿನ ಮೇಲೆ ತಿಳಿಹಳದಿಯ ಮಚ್ಚೆಗಳುಳ್ಳ ಈ ಚಿಟ್ಟೆಯು ನಿಂಬೆಯ ಬಳಗಕ್ಕೆ ಸೇರಿದ ಗಿಡಗಳ ಎಳೆಯೆಲೆಯ ಮೇಲೆ ಒಂದೊಂದಾಗಿ ಮೊಟ್ಟೆಯಿಡುತ್ತದೆ. ಬಿಲ್ವವೂ ಆ ಬಳಗದ್ದೇ. ಮರಿಹುಳುವು ಮೊದಲು ಹಕ್ಕಿಯ ಹಿಕ್ಕೆಯಂತೆ ತೋರಿ ಶತ್ರುಗಳ ಕಣ್ಣು ತಪ್ಪಿಸುತ್ತದೆ, ಬೆಳೆದ ಮೇಲೆ ಎಲೆಯ ಹಸಿರನ್ನೇ ತಾಳುತ್ತದೆ. ಮುಟ್ಟಿದರೆ ತಲೆಯ ಹಿಂದಿನಿಂದ ಕವಲೊಡೆದ ಕೋಡೊಂದನ್ನು ಚಾಚಿ ಕಟುವಾಸನೆಯನ್ನು ಬೀರುತ್ತದೆ. ಸುಮಾರು ಎರಡು ವಾರ ಎಲೆ ತಿಂದು, ಮತ್ತೆ ಒಂದೂವರೆ ವಾರದಷ್ಟು ಕಾಲ ಕೋಶದಲ್ಲಿದ್ದು, ಚಿಟ್ಟೆಯಾಗಿ ಹೊರಬೀಳುತ್ತದೆ.

ಇಲ್ಲಿ ನನ್ನದೊಂದು ತಪ್ಪನ್ನು ನಿವೇದಿಸಲೇಬೇಕು. ಲಿಂಗಪೂಜೆಗೆ ಮೂರೆಲೆಯೂ ಅಖಂಡವಾಗಿರುವ ಬಿಲ್ವವೇ ಆಗಬೇಕೆಂಬುದು ನನ್ನ ಹಟವಾಗಿದ್ದಿತು. ಒಂದು ವರ್ಷ ಆಷಾಢದಲ್ಲಿ ಚಿಗುರೆಲ್ಲ ತೂತಾಯಿತು. ಅಂಗಡಿಯಿಂದ ಕೀಟನಾಶಕವನ್ನು ತಂದು ಗಿಡಕ್ಕೂ ಸುತ್ತಲಿನ ದಾಸವಾಳಕ್ಕೂ ಸಿಂಪಡಿಸಿದೆನು. ಮರುದಿನ ಹುಳುಗಳು ನೆಲದ ಮೇಲೆ ಬಿದ್ದಿದ್ದುವು. ದಾಸವಾಳದ ಎರಡು ಎಲೆಗಳನ್ನು ಹೊಲಿದು ಗೂಡು ಮಾಡಿಕೊಂಡಿದ್ದ ಸಿಂಪಿಗ ಹಕ್ಕಿಯು ಆ ಹುಳುಗಳನ್ನು ಕೊಕ್ಕಿನಲ್ಲಿ ಹಿಡಿದು ಮರಿಗಳಿದ್ದ ಗೂಡಿಗೆ ಹಾರುವುದನ್ನು ಕಂಡೆನು. ಮೂರನೆಯ ದಿನ ಗೂಡಿನಲ್ಲಿ ಸದ್ದಿರಲಿಲ್ಲ.

ಎಂಬತ್ತು ದಾಟಿದ ನನ್ನ ತಾಯಿಯವರು ಗೂಡನ್ನು ನೋಡಿ ಕೆಲಹೊತ್ತು ಮಾತನಾಡಲಿಲ್ಲ. ಆಮೇಲೆ, “ಹುಳ ತಿಂದ ಎಲೆ ಶಿವನಿಗೆ ಆಗಲ್ಲ ಅಂದ್ರೆ, ದುಂಬಿ ಕುಡಿದ ಹೂವು ಹೆಂಗಪ್ಪಾ ಆಗುತ್ತೆ?” ಎಂದರು. ಅವರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ನಾನಾದರೋ ಪೂಜೆಯ ಹೂವನ್ನು ತುಂಬಿಯು ಮೊದಲೇ ಮುಟ್ಟಿರುತ್ತದೆಂಬ ಬಸವಣ್ಣನವರ ಮಾತಿನ ಭಾವವನ್ನು ಎಷ್ಟೋ ತರಗತಿಗಳಲ್ಲಿ ವಿವರಿಸಿದವನು. ಶರಣರು ಪಂಚಸೂತಕಗಳನ್ನು ಅಲ್ಲಗಳೆದರು, ಎಂಜಲು ಅವುಗಳಲ್ಲೊಂದು ಎಂದು ಕರಿಹಲಗೆಯ ಮೇಲೆ ಬರೆದವನು. ಬರೆದ ಕೈಯೇ ವಿಷದ ಡಬ್ಬಿಯನ್ನು ಹಿಡಿದಿತ್ತು. ಆ ದಿನದಿಂದ ನಮ್ಮ ತೋಟಕ್ಕೆ ವಿಷವು ಬಂದಿಲ್ಲ.

ವರ್ಷ

ಶ್ರಾವಣ ಬಂದಿತೆಂದರೆ ನೆಲದಲ್ಲಿ ಬೀಜವಾಗಿ ಮಲಗಿದ್ದ ತುಂಬೆ, ಗರಿಕೆ, ಉತ್ತರಾಣಿಗಳು ಯಾರೂ ಬಿತ್ತದೆ ಎದ್ದು ನಿಲ್ಲುತ್ತವೆ. ಇವುಗಳನ್ನು ಕಳೆಯೆಂದು ಕಿತ್ತೆಸೆಯುವವರೇ ಹೆಚ್ಚು. ಶಿವನಿಗೆ ಪ್ರಿಯವಾದ ತುಂಬೆಯ ಬಿಳಿಯ ಹೂವಿನಲ್ಲಿ ಚಿಕ್ಕ ಜೇನೂ ಚಿಕ್ಕ ಚಿಟ್ಟೆಗಳೂ ಬೆಳಗಿನಿಂದ ಸಂಜೆಯವರೆಗೆ ಊಟ ಮಾಡುತ್ತವೆ. ಮೂಲೆಯ ಎಕ್ಕದ ಮೇಲೆ ಕಪ್ಪು, ಬಿಳಿ, ಹಳದಿ ಪಟ್ಟೆಗಳ ಹುಳು ಕಾಣುತ್ತದೆ. ಎಕ್ಕದ ಹಾಲಿನ ವಿಷವನ್ನು ಮೈಗೂಡಿಸಿಕೊಂಡು ಅದು ಕಿತ್ತಳೆ ಬಣ್ಣದ ಚಿಟ್ಟೆಯಾಗುತ್ತದೆ. ಒಮ್ಮೆ ರುಚಿ ಕಂಡ ಹಕ್ಕಿಯು ಮತ್ತೆ ಅದರ ತಂಟೆಗೆ ಹೋಗುವುದಿಲ್ಲ. ಅದಕ್ಕೇ ಆ ಚಿಟ್ಟೆಯ ಹಾರಾಟದಲ್ಲಿ ಅವಸರವಿಲ್ಲ.

ಬೇಲಿಯ ಮೇಲೆ ಓತಿಕ್ಯಾತವು ಕತ್ತು ಕೆಂಪಗೆ ಮಾಡಿಕೊಂಡು ತಲೆಯಾಡಿಸುವುದೂ ಈ ದಿನಗಳಲ್ಲಿಯೇ. ಅದು ರಕ್ತವನ್ನು ಹೀರುತ್ತದೆಂಬ ಮೂಢನಂಬಿಕೆಯಿಂದ ಬಾಲಕರು ಕಲ್ಲೆಸೆಯುತ್ತಾರೆ. ಸಂತಾನಕಾಲದಲ್ಲಿ ಗಂಡಿಗೆ ಬರುವ ಬಣ್ಣವದು. ಕೀಟಗಳನ್ನು ತಿಂದು ಗಿಡವನ್ನು ಕಾಯುವ ಈ ಬಡಪ್ರಾಣಿಯನ್ನು ಕಾಪಾಡುವುದು ಅಧ್ಯಾಪಕರ ಕರ್ತವ್ಯ.

ಎಲ್ಲ ಅತಿಥಿಗಳೂ ಸಾಧುಗಳೆಂದು ಹೇಳಲಾರೆನು. ಆಫ್ರಿಕಾ ಮೂಲದ ದೊಡ್ಡ ಬಸವನಹುಳುವು ಈ ನೆಲದ್ದಲ್ಲ. ಮಳೆಗಾಲದ ರಾತ್ರಿಗಳಲ್ಲಿ ಒಂದು ಸಾಲು ಸಸಿಯನ್ನು ಅದು ಬುಡಸಮೇತ ಮುಗಿಸಬಲ್ಲುದು. ಒದ್ದೆ ಗೋಣಿಚೀಲವನ್ನು ಹಾಸಿ, ಅದರ ಕೆಳಗೆ ಪಪ್ಪಾಯಿಯ ಸಿಪ್ಪೆಯನ್ನೋ ಕೋಸಿನ ಎಲೆಯನ್ನೋ ಇಟ್ಟರೆ ಬೆಳಗಾಗುವಷ್ಟರಲ್ಲಿ ಅಲ್ಲಿ ಗುಂಪುಗೂಡಿರುತ್ತವೆ. ಕೈಗೆ ಚೀಲವನ್ನು ಹಾಕಿಕೊಂಡು ಆರಿಸಿ ತೆಗೆಯಬಹುದು. ಇದಕ್ಕೂ ವಿಷವು ಬೇಕಿಲ್ಲ.

ಶರತ್ತು

ಕವಿಗಳ ಶರತ್ತಿನಲ್ಲಿ ಆಕಾಶವು ನಿರ್ಮಲ, ಚಂದ್ರನು ಪರಿಪೂರ್ಣ. ಇಟ್ಟಮಡುವಿನ ಶರತ್ತಿನಲ್ಲಿ ಚಿತ್ತೆಯೂ ಸ್ವಾತಿಯೂ ಗುಡುಗಿನೊಡನೆ ಸುರಿಯುತ್ತವೆ. ಒಂದೇ ರಾತ್ರಿಯ ಮಳೆಗೆ ರಸ್ತೆಯು ಹೊಳೆಯಾಗುತ್ತದೆ. ಮಡುವಿನ ಹೆಸರುಳ್ಳ ಊರಿನಲ್ಲಿ ನೀರು ತನ್ನ ಹಳೆಯ ದಾರಿಯನ್ನು ಹುಡುಕುವುದು ಸಹಜವೇ ಸರಿ. ಅಂಗಳಕ್ಕೆ ಸಿಮೆಂಟು ಬಳಿದ ಮನೆಗಳು ನೀರನ್ನೆಲ್ಲ ಬೀದಿಗೆ ದಬ್ಬುತ್ತವೆ. ಮಣ್ಣುಳಿದ ಅಂಗಳವು ತನ್ನ ಪಾಲನ್ನು ಕುಡಿದು ಸುಮ್ಮನಾಗುತ್ತದೆ.

ಮಳೆ ಹೊಳವಾದ ಬೆಳಗುಗಳು ಮಾತ್ರ ಕವಿಗಳ ಮಾತನ್ನು ನಿಜ ಮಾಡುತ್ತವೆ. ಪಾರಿಜಾತವು ರಾತ್ರಿ ಅರಳಿ ನಸುಕಿನಲ್ಲಿ ಉದುರುತ್ತದೆ. ನೆಲಕ್ಕೆ ಬಿದ್ದ ಹೂವನ್ನು ಪೂಜೆಗೆ ಒಲ್ಲದವರೂ ಇದನ್ನು ಮಾತ್ರ ಆರಿಸಿಕೊಳ್ಳುತ್ತಾರೆ. ಆಕಾಶಮಲ್ಲಿಗೆಯು ಬೀದಿಗಳನ್ನು ಬಿಳಿದು ಮಾಡುತ್ತದೆ. ಗಿಡದಿಂದ ಗಿಡಕ್ಕೆ ದೊಡ್ಡ ಜೇಡವು ಬಲೆಯನ್ನು ಕಟ್ಟಿ ನಟ್ಟನಡುವೆ ಗುಣಾಕಾರಚಿಹ್ನೆಯಂತೆ ಕಾಲು ಚಾಚಿ ಕುಳಿತಿರುತ್ತದೆ. ಬಲೆಯ ಮೇಲೆ ಇಬ್ಬನಿಯು ಕಟ್ಟಿದಾಗ ಅದನ್ನು ಮಕ್ಕಳಿಗೆ ತೋರಿಸತಕ್ಕದ್ದು.

ಹೇಮಂತ

ಕಾರ್ತಿಕದ ಕಡೆಯ ಸೋಮವಾರ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ ನಡೆಯುತ್ತದೆ. ಅಲ್ಲಿಂದ ತಂದ ಕಾಯಿಯಲ್ಲಿ ಒಂದು ಹಿಡಿಯು ಗೋಡೆಯ ಮೇಲಿನ ಅಳಿಲಿಗೆ ಸಲ್ಲುತ್ತದೆ. ಅದು ತಿನ್ನುವುದು ಸ್ವಲ್ಪ, ಕುಂಡದ ಮಣ್ಣಿನಲ್ಲಿ ಹೂಳುವುದು ಬಹಳ. ಹೂಳಿದುದನ್ನು ಮರೆತರೆ ನಮಗೊಂದು ಕಡಲೆಗಿಡ. ಬೇಲಿಯ ಮೇಲಿನ ಅವರೆಬಳ್ಳಿಯು ಇಬ್ಬನಿಯನ್ನು ಕುಡಿದು ಸೊಗಡು ಕಟ್ಟುವುದೂ ಈಗಲೇ. ಅದರ ಹೂವಿಗೆ ಕರಿಯ ದೊಡ್ಡ ದುಂಬಿ ಬರುತ್ತದೆ. ದುಂಬಿಯ ಭಾರಕ್ಕೆ ಹೂವು ಬಾಗುತ್ತದೆ.

ಚಳಿಗಾಲದ ವಿಶೇಷವೆಂದರೆ ದೂರದ ಅತಿಥಿಗಳು. ಹಿಮಾಲಯದ ಕಡೆಯ ಕಾಡುಗಳಲ್ಲಿ ಮರಿಮಾಡಿ, ಹೆಬ್ಬೆರಳಿನ ಗಾತ್ರದ, ಎಲೆಯ ಬಣ್ಣದ ಉಲಿಯಕ್ಕಿಯು ಬಹುದೂರ ಹಾರಿ ಬಂದು ನಮ್ಮ ಹೊಂಗೆಯಲ್ಲಿ ಚಳಿಗಾಲವನ್ನು ಕಳೆಯುತ್ತದೆ. ದಿನವಿಡೀ ಎಲೆಯ ಅಡಿಯಿಂದ ಹುಳುವನ್ನು ಹೆಕ್ಕುತ್ತದೆ. ಬಾಲವನ್ನು ಕುಣಿಸುತ್ತ ತಾರಸಿಯ ಮೇಲೆ ಓಡಾಡುವ ಸಿಪಿಲೆಯೂ ಹೀಗೆಯೇ ಬಂದುದು. ಏಪ್ರಿಲಿನ ಹೊತ್ತಿಗೆ ಎರಡೂ ಹೇಳದೆ ಹೊರಟುಹೋಗುತ್ತವೆ. ಅದೇ ಮರಕ್ಕೆ ಮತ್ತೆ ಬಂದಾವೇ ಎಂದು ಆಶ್ವಯುಜದಲ್ಲಿ ಕಾಯುವುದು ನನ್ನ ಪಾಲಿಗೆ ಒಂದು ಹಬ್ಬದಂತಾಗಿದೆ.

ಶಿಶಿರ

ಮಾಘದಲ್ಲಿ ಎಲೆಯುದುರುತ್ತದೆ. ಮಹಾಶಿವರಾತ್ರಿಯ ಹೊತ್ತಿಗೆ ಬಿಲ್ವವೂ ಹಣ್ಣೆಲೆಯಾಗತೊಡಗುತ್ತದೆ. ವಿಷವನ್ನು ಬಿಟ್ಟ ಮೊದಲ ವರ್ಷ, ಹುಳು ತಿಂದು ಮಿಕ್ಕ ಎಲೆಯು ಶಿವರಾತ್ರಿಯ ಪೂಜೆಗೆ ಸಾಲದೆಂದು ನಾನು ಅಂಜಿದ್ದೆನು. ಹುಳುವು ತಿಂದುದು ಎಳೆಯದನ್ನು, ಅದೂ ಕೆಲವು ವಾರ ಮಾತ್ರ. ಗಿಡವು ಮತ್ತೆ ಮತ್ತೆ ಚಿಗುರಿ ಮಾಘದವರೆಗೆ ಬುಟ್ಟಿ ತುಂಬ ಬಿಲ್ವವನ್ನು ಉಳಿಸಿಕೊಂಡಿತ್ತು. ನೆರೆಯ ನಾಲ್ಕು ಮನೆಗಳಿಗೆ ಹಂಚಿಯೂ ಮಿಕ್ಕಿತು.

ಉದುರಿದ ಎಲೆಯನ್ನು ಗುಡ್ಡೆ ಮಾಡಿ ಬೆಂಕಿಯಿಡುವುದು ನಮ್ಮ ಬಡಾವಣೆಗಳ ದುರಭ್ಯಾಸ. ಒಂದು ಮೂಲೆಯಲ್ಲಿ ಅದನ್ನು ಕೊಳೆಯಲು ಬಿಟ್ಟರೆ ಎರೆಹುಳುವು ಅದನ್ನು ಗೊಬ್ಬರ ಮಾಡುತ್ತದೆ. ಮಡಿವಾಳ ಹಕ್ಕಿಯು ಎಲೆಗಳನ್ನು ಕೆದಕಿ ಹುಳುವನ್ನು ಹುಡುಕುತ್ತದೆ. ಒಣದಿನಗಳಲ್ಲಿ ಅಗಲವಾದ ಮಣ್ಣಿನ ತಟ್ಟೆಯಲ್ಲಿ ಎರಡು ಬೆರಳು ನೀರನ್ನಿಟ್ಟು, ಜೇನು ಕುಳಿತು ಕುಡಿಯಲು ಒಂದು ಕಲ್ಲನ್ನು ಹಾಕಬೇಕು. ಸೊಳ್ಳೆಯ ಮರಿಯು ಬಲಿಯಲು ಸುಮಾರು ಒಂದು ವಾರ ಹಿಡಿಯುತ್ತದೆ. ಆದುದರಿಂದ ಎರಡು ದಿನಕ್ಕೊಮ್ಮೆ ತಟ್ಟೆಯನ್ನು ತಿಕ್ಕಿ ನೀರನ್ನು ಬದಲಿಸಿದರೆ ಯಾವ ಭಯವೂ ಇಲ್ಲ.

ಹೆಸರಿನಲ್ಲಿಯೇ ಕಾಯಕ

ಇಲ್ಲಿ ಭಾಷೆಯ ವಿದ್ಯಾರ್ಥಿಗಳಿಗೆ ರುಚಿಸುವ ಸಂಗತಿಯೊಂದಿದೆ. ಕಪ್ಪು ಬಿಳುಪಿನ, ಮುಂಜಾವದಲ್ಲಿ ಇಂಪಾಗಿ ಸಿಳ್ಳು ಹಾಕುವ ಹಕ್ಕಿಗೆ ನಮ್ಮ ಜನರು ಕೊಟ್ಟ ಹೆಸರು ಮಡಿವಾಳ ಹಕ್ಕಿ. ಎಲೆಯನ್ನು ಹೊಲಿಯುವುದಕ್ಕೆ ಸಿಂಪಿಗ. ಮರವನ್ನು ಕುಟ್ಟುವುದಕ್ಕೆ ಮರಕುಟಿಗ. ಬಿಸಿಲಿನಲ್ಲಿ ಟಂಕ್ ಟಂಕ್ ಎಂದು ಲೋಹವನ್ನು ಬಡಿದಂತೆ ಕೂಗುವುದಕ್ಕೆ ಕಂಚುಗಾರ. ಗೋಡೆಯ ಮೂಲೆಯಲ್ಲಿ ಜೇಡಿಮಣ್ಣಿನ ಪುಟ್ಟ ಗಡಿಗೆಯನ್ನು ಮಾಡುವ ಕಣಜಕ್ಕೆ ಕುಂಬಾರ ಹುಳು. ಇನ್ನು ‘ಜೇಡ’ ಎಂಬ ಶಬ್ದಕ್ಕೆ ನೇಕಾರನೆಂಬುದೂ ಅರ್ಥ, ಬಲೆ ನೇಯುವ ಜೀವಿಯೆಂಬುದೂ ಅರ್ಥ. ಜೇಡರ ದಾಸಿಮಯ್ಯನವರ ಹೆಸರಿನಲ್ಲಿರುವುದು ಅದೇ ಶಬ್ದ.

ಮಡಿವಾಳ ಮಾಚಿದೇವರು, ಕುಂಬಾರ ಗುಂಡಯ್ಯನವರು, ಜೇಡರ ದಾಸಿಮಯ್ಯನವರು ಎಂದು ಶರಣರನ್ನು ಅವರವರ ಕಾಯಕದೊಡನೆ ನೆನೆಯುವ ನಾಡು ಇದು. ಹಕ್ಕಿಪಕ್ಷಿಗಳನ್ನೂ ಅದೇ ರೀತಿಯಲ್ಲಿ ಹೆಸರಿಸಿದ ಹಳ್ಳಿಗರ ದೃಷ್ಟಿಯು ಎಷ್ಟು ಸಮಾನವಾದುದು! ದುಡಿಯುವ ಜೀವಿಯನ್ನು ಅದರ ದುಡಿಮೆಯಿಂದ ಗುರುತಿಸಿದರು. ಈ ಹೆಸರುಗಳು ಇಂದಿನ ಮಕ್ಕಳ ಬಾಯಿಯಿಂದ ಜಾರಿಹೋಗುತ್ತಿವೆ. ಹೆಸರು ಹೋದ ಮೇಲೆ ಹಕ್ಕಿಯು ಎದುರಿಗೆ ಕುಳಿತರೂ ಕಾಣುವುದಿಲ್ಲ.

ಸ್ಥಾವರ, ಜಂಗಮ ಎಂಬ ಶಬ್ದಗಳನ್ನೂ ಇಲ್ಲಿ ನೆನೆಯಬಹುದು. ಕೋಶಗಳ ಪ್ರಕಾರ ಬೇರೂರಿ ನಿಂತ ಗಿಡಮರಗಳು ಸ್ಥಾವರ, ಚಲಿಸುವ ಪ್ರಾಣಿಗಳು ಜಂಗಮ. ಶರಣರ ಪರಿಭಾಷೆಯಲ್ಲಿ ಇವುಗಳ ಅರ್ಥವು ಇನ್ನೂ ಆಳವಾದುದೆಂಬುದು ವಾಚಕರಿಗೆ ತಿಳಿದೇ ಇದೆ. ಆದರೂ ಮೂಲಾರ್ಥವನ್ನು ಹಿಡಿದು ನೋಡಿದಾಗ ತೋಟದಲ್ಲಿ ಒಂದು ವಿಷಯವು ಸ್ಪಷ್ಟವಾಗುತ್ತದೆ. ನೆಟ್ಟ ಗಿಡವು ಸ್ಥಾವರವಾಗಿ ನಿಂತು ಬಂದ ಜಂಗಮಕ್ಕೆ ಎಲೆಯನ್ನೂ ಹೂವನ್ನೂ ನೆರಳನ್ನೂ ನೀಡುತ್ತಿರುತ್ತದೆ. ನೀರೆರೆಯುವುದು ನಮ್ಮ ಕಾಯಕ. ಅಲ್ಲಿ ನಡೆಯುವ ದಾಸೋಹದಲ್ಲಿ ಉಣ್ಣುವವರನ್ನು ಆರಿಸುವ ಅಧಿಕಾರವು ನಮಗಿಲ್ಲ.

ಅಧ್ಯಾಪಕರಿಗೆ ಕೆಲವು ಸೂಚನೆಗಳು

1. ಋತುವರ್ಣನೆಯ ಪಾಠವನ್ನು ಆಯಾ ಋತುವಿನಲ್ಲಿಯೇ ಮಾಡಬೇಕು. ವಸಂತದ ಪದ್ಯವನ್ನು ಯುಗಾದಿಯ ಸುತ್ತಿನಲ್ಲಿ ಹೊಂಗೆಯ ಕೆಳಗೆ ಕುಳಿತು ಓದಿದರೆ ಅರ್ಧ ವ್ಯಾಖ್ಯಾನವನ್ನು ಮರವೇ ಮಾಡುತ್ತದೆ.

2. ಪ್ರತಿಯೊಬ್ಬ ವಿದ್ಯಾರ್ಥಿಯೂ ಒಂದು ನೋಟ್‌ಪುಸ್ತಕದಲ್ಲಿ ಮಳೆನಕ್ಷತ್ರ, ದಿನಾಂಕ, ಕಂಡ ಹೂವು, ಕಂಡ ಹಕ್ಕಿ ಅಥವಾ ಹುಳು ಇಷ್ಟನ್ನು ವಾರಕ್ಕೊಮ್ಮೆ ಬರೆಯಲಿ. ಮೂರು ವರ್ಷದ ಬರಹವನ್ನು ಪಕ್ಕದಲ್ಲಿಟ್ಟು ಹೋಲಿಸಿದರೆ ತಮ್ಮ ಊರಿನ ಋತುಚಕ್ರವನ್ನು ತಾವೇ ರಚಿಸಿದಂತಾಗುತ್ತದೆ.

3. ಅಜ್ಜಿ ತಾತಂದಿರಿಂದ ಹಕ್ಕಿ ಹುಳುಗಳ ಕನ್ನಡ ಹೆಸರುಗಳನ್ನು ಕೇಳಿ ಬರೆದು ತರಲು ಹೇಳಬೇಕು. ಪೂರ್ಣಚಂದ್ರ ತೇಜಸ್ವಿಯವರ ‘ಕನ್ನಡ ನಾಡಿನ ಹಕ್ಕಿಗಳು’ ಪ್ರತಿ ಶಾಲೆಯ ಪುಸ್ತಕಭಂಡಾರದಲ್ಲಿರತಕ್ಕದ್ದು.

4. ಶಾಲೆಯ ಆವರಣದಲ್ಲಿ ಒಂದು ಬಿಲ್ವ, ಒಂದು ಕರಿಬೇವು, ಒಂದು ಎಕ್ಕ, ಒಂದಿಷ್ಟು ತುಂಬೆ ಇವಿಷ್ಟನ್ನು ವಿಷವಿಲ್ಲದೆ ಬೆಳೆಸಿದರೆ ಜೀವವಿಜ್ಞಾನದ ಪಾಠಕ್ಕೂ ವಚನದ ಪಾಠಕ್ಕೂ ಒಂದೇ ಪ್ರಯೋಗಶಾಲೆ ದೊರೆಯುತ್ತದೆ.

ಉಪಸಂಹಾರ

ಶ್ರೀಮಠದ ವಿದ್ಯಾಸಂಸ್ಥೆಯು ಅನ್ನ, ಅಕ್ಷರ, ಆಶ್ರಯಗಳೆಂಬ ತ್ರಿವಿಧ ದಾಸೋಹವನ್ನು ನಡೆಸಿಕೊಂಡು ಬರುತ್ತಿರುವುದು ಭಕ್ತಾದಿಗಳ ಉದಾರತೆಯಿಂದ. ಕಟ್ಟಡಗಳಿಗೆ ಕೊಟ್ಟ ದಾನಿಗಳ ಹೆಸರು ಗೋಡೆಯ ಮೇಲೆ ಶಿಲೆಯಲ್ಲಿ ಮೂಡಿದೆ, ಮೂಡಬೇಕಾದುದೇ. ಅವರಲ್ಲಿ ನನ್ನದೊಂದು ವಿನಂತಿ. ಅಂಗಳಕ್ಕೆ ಕಲ್ಲು ಹಾಸಲು, ಸಿಮೆಂಟು ಬಳಿಯಲು ಹಣವನ್ನು ಕೊಡುವಾಗ, ಗೋಡೆಯುದ್ದಕ್ಕೂ ಮೂರಡಿ ಮಣ್ಣನ್ನು ಹಾಗೆಯೇ ಬಿಡಿರೆಂದು ಒಂದು ಮಾತು ಸೇರಿಸಿರಿ. ಅದಕ್ಕೆ ಖರ್ಚು ತಗಲುವುದಿಲ್ಲ. ಹಳೆಯ ವಿದ್ಯಾರ್ಥಿಗಳು ತಮ್ಮ ಹೊಸ ಮನೆಗಳಲ್ಲಿಯೂ ಅಷ್ಟನ್ನು ಉಳಿಸಿಕೊಂಡರೆ ಅಧ್ಯಾಪಕನಿಗೆ ಸಲ್ಲುವ ಗುರುದಕ್ಷಿಣೆ ಸಂದಂತೆಯೇ.

ಪ್ರಶ್ನೆ ಕೇಳಿದ ಬಾಲಕನು ಶಾಲೆಯನ್ನು ಮುಗಿಸಿ ಹೋಗಿದ್ದಾನೆ. ವಿಷ ಹಾಕಿದ ಮರುವರ್ಷದ ಗ್ರೀಷ್ಮದಲ್ಲಿ ದಾಸವಾಳಕ್ಕೆ ಯಾವ ಹಕ್ಕಿಯೂ ಗೂಡು ಕಟ್ಟಲಿಲ್ಲ. ಅದರ ಮುಂದಿನ ವರ್ಷ ಆರಿದ್ರೆಯ ಮಳೆಯಲ್ಲಿ, ಬಿಲ್ವದ ಚಿಗುರೆಲೆಯ ಮೇಲೆ ಸಾಸಿವೆಗಿಂತ ಚಿಕ್ಕದಾದ ತಿಳಿಹಳದಿಯ ಮೊಟ್ಟೆಯೊಂದು ಕಾಣಿಸಿತು. ತಾಯಿಯವರನ್ನು ಕೈಹಿಡಿದು ಕರೆತಂದು ತೋರಿಸಿದೆನು. ಅವರು ಕಣ್ಣನ್ನು ಹತ್ತಿರಕ್ಕೆ ತಂದು ನೋಡಿ, ಆ ಎಲೆಯನ್ನು ಬಿಟ್ಟು ಪಕ್ಕದ ಎಲೆಯನ್ನು ಪೂಜೆಗೆ ಬಿಡಿಸಿಕೊಂಡರು. ಆ ಶ್ರಾವಣದಲ್ಲಿ ಸಿಂಪಿಗವು ಮತ್ತೆ ದಾಸವಾಳದ ಎಲೆಯನ್ನು ಹೊಲಿಯತೊಡಗಿತು.